ಮಳೆಕೋಟಿನೊಳಗೆ ಉರಿದ ದೀಪ

ನಾನು ಸೈಕಲ್ಲಿನ ಹಿಂದಿನ ಕೆಂಪು ದೀಪ. ಹೆಬ್ಬೆರಳಿಗಿಂತ ತುಸು ದೊಡ್ಡ ಮೈ ನನ್ನದು. ದೂರದ ಊರಿನ ಒಂದು ಕಾರ್ಖಾನೆಯಲ್ಲಿ ಯಾರೋ ಒಬ್ಬಾಕೆ ನನ್ನೊಳಗೆ ಪುಟ್ಟ ಬಲ್ಬುಗಳನ್ನು ಕೂರಿಸಿ, ಕೆಂಪು ಮುಚ್ಚಳ ಒತ್ತಿ, ಗುಂಡಿ ಅದುಮಿ ನೋಡಿದಳು. ನಾನು ಕಣ್ಣು ಬಿಟ್ಟೆ. ನನ್ನ ಮುಖದ ಮೇಲೆ ಮೂಡಿದ್ದ ತನ್ನ ಬೆರಳ ಗುರುತನ್ನು ಸೆರಗಿನ ತುದಿಯಿಂದ ಒರೆಸಿ ಪೆಟ್ಟಿಗೆಗೆ ಹಾಕಿದಳು. ನನ್ನ ತವರಿನ ನೆನಪು ಅಷ್ಟೇ.

ಸೈಕಲ್ಲಿನ ಮುಂದಿನ ದೀಪಕ್ಕೆ ಹೋಗುವ ದಾರಿ ಕಾಣುತ್ತದೆ. ನನಗೆ ಕಾಣುವುದು ಬಿಟ್ಟು ಬಂದ ದಾರಿ ಮತ್ತು ಅದರ ಮೇಲೆ ನಮ್ಮತ್ತ ನುಗ್ಗಿ ಬರುವ ಬಸ್ಸು, ಲಾರಿಗಳ ಮೂತಿ. ಹಾಗಾಗಿ ನನ್ನದು ಮೊದಲಿನಿಂದಲೂ ಪುಕ್ಕಲು ಜೀವ.

ನನ್ನನ್ನು ಮೊದಲು ಕೊಂಡವರು ಮೈಸೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಮೊಣ್ಣಪ್ಪನವರು. ಅರವತ್ತು ದಾಟಿದ್ದರೂ ಅವರಿಗೆ ದೂರದ ಸೈಕಲ್ ಸವಾರಿಯ ಹುಚ್ಚು. ಅವರ ಕ್ಲಬ್ಬಿನವರು ನಡೆಸುವ ಸವಾರಿಗಳಿಗೆ ಬ್ರೆವೆ ಎಂದು ಹೆಸರು. ಅದು ಪಂದ್ಯವಲ್ಲ, ಗೊತ್ತಾದ ಹೊತ್ತಿನೊಳಗೆ ದೂರ ಮುಗಿಸಬೇಕು, ಅಷ್ಟೆ. ನಿಯಮ ಮಾತ್ರ ಕಟ್ಟುನಿಟ್ಟು. ಬೆಂಗಾವಲಾಗಿ ಯಾವ ವಾಹನವೂ ಹಿಂದೆ ಬರುವಂತಿಲ್ಲ. ಹಿಂದಿನ ದೀಪ ಉರಿಯದವರನ್ನು ಹೊರಡಲು ಬಿಡುವುದಿಲ್ಲ.

ಒಂದು ಮಳೆಗಾಲದಲ್ಲಿ ಹಾಸನದಿಂದ ಹೊರಟು ಚಾರ್ಮಾಡಿ ಘಾಟಿ ಇಳಿದು ಮರಳುವ ಬ್ರೆವೆ ಇತ್ತು. ಹೊರಡುವ ಮುನ್ನ ಕ್ಲಬ್ಬಿನವರು ಒಬ್ಬೊಬ್ಬರ ದೀಪವನ್ನೂ ಪರೀಕ್ಷಿಸುತ್ತಿದ್ದರು. ಮಳೆ ಇನ್ನೂ ಬಂದಿರಲಿಲ್ಲ. ಸಾಲಿನಲ್ಲಿದ್ದ ವಾರಿಜಾಳ ದೀಪ ಎಷ್ಟು ಕುಟ್ಟಿದರೂ ಹತ್ತಲಿಲ್ಲ. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ವರ್ಷದೊಳಗೆ ಬೇರೆ ಬೇರೆ ದೂರದ ನಾಲ್ಕು ಬ್ರೆವೆಗಳನ್ನು ಪೂರೈಸಿದವರಿಗೆ ಒಂದು ಪದಕವಿತ್ತು. ಅವಳಿಗೆ ಉಳಿದಿದ್ದುದು ಇದೊಂದೇ. ಹೋದ ವರ್ಷವೂ ಇದೇ ಕೊನೆಯದು ಜ್ವರ ಬಂದು ಕೈತಪ್ಪಿತ್ತು. ಅವಳ ಕಣ್ಣು ತುಂಬಿದ್ದನ್ನು ಕಂಡ ಮೊಣ್ಣಪ್ಪನವರು ತಮ್ಮ ಎರಡು ಹಿಂದೀಪಗಳಲ್ಲಿ ಒಂದಾದ ನನ್ನನ್ನು ಬಿಚ್ಚಿದರು.

"ಇಟ್ಕೋಮ್ಮಾ. ಎರಡೆರಡು ದೀಪ ಹಾಕ್ಕೊಂಡು ಓಡಾಡೋಕೆ ನಾನೇನು ಬಸ್ಸಾ?"

"ವಾಪಸ್ ಬಂದ್ಮೇಲೆ ಕೊಡ್ತೀನಿ ಅಂಕಲ್."

"ಮೊದಲು ವಾಪಸ್ ಬಾ."

ಹೀಗೆ ನಾನು ಕೈ ಬದಲಾಯಿಸಿ ವಾರಿಜಾಳ ಸೀಟಿನ ಕೆಳಗೆ ಕೂತೆ.

ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಮೊಣ್ಣಪ್ಪನವರು ಚಹಾ ಕುಡಿದು ಬರುತ್ತೇನೆಂದು ಅಂಗಡಿಗೆ ನುಗ್ಗಿದರು. ಕ್ಲಬ್ಬಿನವರೆಲ್ಲ ಒಟ್ಟಿಗೆ ತರಿಸಿಕೊಂಡಿದ್ದ ಕಡುನೀಲಿ ಮಳೆಕೋಟನ್ನು ತೊಟ್ಟು ವಾರಿಜಾ ಹೊರಟಳು. ಮೊಣಕಾಲು ಮುಟ್ಟುವಷ್ಟು ಉದ್ದದ ಕೋಟು. ಅವಳು ಸೀಟಿನ ಮೇಲೆ ಕೂತದ್ದೇ ತಡ, ಅದರ ಹಿಂಬದಿ ಪರದೆಯಂತೆ ನನ್ನ ಮೇಲೆ ಇಳಿಯಿತು.

ನಾನು ಉರಿಯುತ್ತಲೇ ಇದ್ದೆ. ನನ್ನ ಬೆಳಕು ಕೋಟಿನ ಒಳಮೈಗೆ ಬಡಿದು ನನ್ನ ಮುಖಕ್ಕೇ ಮರಳುತ್ತಿತ್ತು. ಹೊರಗೆ ಮಂಜು. ಬೆನ್ನಿಗೆ ಹಾಕಿದ್ದ ಹೊಳೆಯುವ ಪಟ್ಟಿಯೂ ಕೋಟಿನ ಒಳಗೇ. ವಾರಿಜಾ ಹೊರಡುವಾಗ ನನ್ನ ಗುಂಡಿ ಅದುಮಿದ್ದಳಲ್ಲ, ದೀಪ ಉರಿಯುತ್ತಿದೆ ಎಂಬ ಧೈರ್ಯದಲ್ಲೇ ರಸ್ತೆಯ ನಡುವಿಗೆ ಸರಿದು ತಿರುವು ಇಳಿಯುತ್ತಿದ್ದಳು. ಸೈಕಲ್ಲಿನ ಗಂಟೆಗಾದರೂ ದನಿಯುಂಟು. ನಾನು ಏನು ಮಾಡಲಿ? ಬೆನ್ನ ಹಿಂದೆ ಎಂಜಿನ್ನಿನ ಸದ್ದು ಬೆಳೆಯುತ್ತದೆ, ನೆಲ ನಡುಗುತ್ತದೆ, ಗಾಳಿ ಕೋಟನ್ನು ಎಳೆದುಕೊಂಡು ಹೋಗುತ್ತದೆ. ಒಂದು ಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು. ಪ್ರತಿ ಸಲವೂ ಇದೇ ಕೊನೆ ಎಂದುಕೊಂಡೆ.

ಆಮೇಲೆ ಟೈರು ಕಿರುಚಿದ ಸದ್ದು. ಬಿಸಿ ಉಸಿರೊಂದು ಕೋಟಿಗೆ ತಾಗಿ ನಿಂತಿತು. ವಾರಿಜಾ ಸೈಕಲ್ಲನ್ನು ತಡೆಗೋಡೆಗೆ ಒರಗಿಸಿಬಿಟ್ಟಳು. ಎಲೆಕೋಸು ತುಂಬಿದ ಟೆಂಪೋದಿಂದ ಚಾಲಕ ಧುಮುಕಿದ. ಅವನ ಹೆಸರು ಲ್ಯಾನ್ಸಿ ಎಂದು ಆಮೇಲೆ ತಿಳಿಯಿತು.

"ಎಂತದು ಮಾರಾಯ್ರೆ, ಲೈಟ್ ಇಲ್ಲದೆ ಘಾಟಿ ಇಳಿಯುದಾ?"

"ಲೈಟ್ ಇದೆಯಲ್ಲ! ಉರೀತಾ ಇದೆ."

"ಎಲ್ಲಿ ಉಂಟು? ನಿಮ್ಮ ಹೊಟ್ಟೆಯೊಳಗಾ?"

ಅವಳು ಕೋಟಿನ ಅಂಚು ಎತ್ತಿದಳು. ನಾನು ಅವಳ ಮುಖದ ಮೇಲೆ ಕೆಂಪಗೆ ಬಿದ್ದೆ.

ಲ್ಯಾನ್ಸಿ ಮತ್ತೆ ಬೈಯಲಿಲ್ಲ. ಟೆಂಪೋದಿಂದ ಗೋಣಿ ಹೊಲಿಯುವ ದಾರ ತಂದು, ನನ್ನನ್ನು ಕೋಟಿನ ಹೊರಗೆ, ಅವಳ ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಟ್ಟ. "ನೀವು ಇಳೀರಿ ಅಕ್ಕ. ಕೆಳಗೆ ಮುಟ್ಟುವವರೆಗೆ ನಾನು ಹಿಂದೆಯೇ ಬರ್ತೇನೆ."

"ಬೇಡಪ್ಪ, ಹಿಂದೆ ಗಾಡಿ ಬರೋ ಹಾಗಿಲ್ಲ. ನಮ್ಮ ನಿಯಮ."

"ಈ ಮಂಜಿನಲ್ಲಿ ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ," ಎಂದು ನಗಲು ಹೋದವಳು ಅರ್ಧಕ್ಕೇ ನಿಂತಳು. "ಮೇಲೆ ಇದೇ ಥರ ಕೋಟು ಹಾಕಿದ ವಯಸ್ಸಾದವರು ಸಿಕ್ಕಿದ್ರಾ? ಸೈಕಲ್ ಮೇಲೆ?"

"ಇಲ್ಲ ಅಕ್ಕ. ಯಾರೂ ಕಾಣಲಿಲ್ಲ."

ಯಾರೂ ಕಾಣಲಿಲ್ಲ. ಆ ಮಾತಿಗೆ ನನ್ನ ತಂತಿಗಳೆಲ್ಲ ತಣ್ಣಗಾದವು. ಮೊಣ್ಣಪ್ಪನವರು ಇನ್ನೂ ಚಹಾದಂಗಡಿಯಲ್ಲೇ ಇದ್ದಾರೋ, ಇಲ್ಲಾ ಇದೇ ರಸ್ತೆಯಲ್ಲಿದ್ದು ಇವನ ಕಣ್ಣಿಗೆ ಬೀಳಲಿಲ್ಲವೋ? ವಾರಿಜಾ ಫೋನು ತೆಗೆದಳು. ಘಾಟಿಯಲ್ಲಿ ಸಿಗ್ನಲ್ ಇರಲಿಲ್ಲ. ಘಾಟಿಯ ಕೆಳಗೆ ಉಜಿರೆಯಲ್ಲಿ ಸವಾರರು ಹಾಜರಿ ಹಾಕಿಸಬೇಕಿದ್ದ ತಪಾಸಣೆ ಕೇಂದ್ರ ಮುಚ್ಚುವ ಮೊದಲು ತಲುಪಲು ಹೊತ್ತು ಅಷ್ಟಕ್ಕಷ್ಟೇ ಇತ್ತು. ಮೇಲೆ ಹತ್ತಿದರೆ ಪದಕದ ಮಾತು ಮುಗಿದಂತೆ. ಅವಳು ಕೆಳಗಿನ ದಾರಿಯನ್ನು ಒಮ್ಮೆ ನೋಡಿದಳು. ಸೈಕಲ್ಲನ್ನು ತಿರುಗಿಸಿದಳು.

ಲ್ಯಾನ್ಸಿ ಉಳಿದ ದಾರವನ್ನು ಅವಳ ಕೈಗಿಟ್ಟ. "ಅವರಿಗೆ ಬೇಕಾಗ್ತದೆ," ಎಂದಷ್ಟೇ ಹೇಳಿದ.

ಈಗ ನನ್ನ ಮುಖ ಕಣಿವೆಯ ಕಡೆಗಿತ್ತು. ಕೆಳಗಿನಿಂದ ಹತ್ತಿ ಬಂದ ಬಸ್ಸೊಂದು ನನ್ನನ್ನು ಕಂಡು ವೇಗ ತಗ್ಗಿಸಿ ಬದಿಗೆ ಸರಿದು ಹೋಯಿತು. ಆದರೆ ಭಯವಿದ್ದುದು ಮೇಲಿನಿಂದ. ಆ ಕಡೆ ನನಗೆ ಕಣ್ಣಿಲ್ಲ. ವಾರಿಜಾಳ ಏದುಸಿರು ಮಾತ್ರ ಕೇಳುತ್ತಿತ್ತು. "ಅಂಕಲ್!" ಎಂದು ಕೂಗುತ್ತಿದ್ದಳು. ಮಂಜು ಆ ಕೂಗನ್ನೂ ನುಂಗುತ್ತಿತ್ತು.

ಇದ್ದಕ್ಕಿದ್ದಂತೆ ಮೇಲಿನ ತಿರುವಿನಲ್ಲಿ ಹಾರ್ನು ಒದರಿತು. ಬ್ರೇಕು ಕಿರುಚಿತು. ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು. ಲಾರಿಯೊಂದು ನಮ್ಮನ್ನು ದಾಟಿ ಕೆಳಕ್ಕೆ ಧಾವಿಸಿತು. ವಾರಿಜಾಳ ಸೊಂಟ ಕಲ್ಲಿನಂತಾದದ್ದು ದಾರದ ಮೂಲಕ ನನಗೆ ತಿಳಿಯಿತು. ಆ ತಿರುವಿನವರೆಗೆ ಅವಳು ಉಸಿರೆಳೆದಳೋ ಇಲ್ಲವೋ!

ಮೊಣ್ಣಪ್ಪನವರು ಚರಂಡಿಯ ಬದಿಯಲ್ಲಿ ಕೂತಿದ್ದರು. ಮೊಣಕೈ ತರಚಿತ್ತು. ಕನ್ನಡಕ ಓರೆಯಾಗಿತ್ತು. ಅವಳನ್ನು ಕಂಡದ್ದೇ ಗುಡುಗಿದರು.

"ಏನಮ್ಮಾ, ಕೆಳಗಿನ ದಾರಿ ಸಾಕಾಯ್ತಾ? ನೋಡು, ಆ ಲಾರಿಯವನು ಮೈಮೇಲೇ ಬಂದ! ಅವನ ಕಣ್ಣು ಪರೀಕ್ಷೆ ಮಾಡಿಸ್ಬೇಕು. ನಮ್ಮ ಅಂಗಡಿಗೆ ಬರಲಿ, ದಪ್ಪ ಗಾಜಿನದು ಪುಕ್ಕಟೆ ಹಾಕಿ ಕಳಿಸ್ತೀನಿ!"

"ಅವನ ಕಣ್ಣು ಸರಿಯಾಗಿದೆ ಅಂಕಲ್." ಅವಳು ಬಾಗಿ ಅವರ ಕೋಟಿನ ಹಿಂಬದಿಯನ್ನು ಬಿದ್ದ ಸೈಕಲ್ಲಿನ ಸೀಟಿನ ಮೇಲೆ ಹರಡಿ, ಮತ್ತೆ ಎತ್ತಿ ತೋರಿಸಿದಳು. ಅಲ್ಲಿ ನನ್ನ ಹಳೆಯ ಜೊತೆಗಾರ ಪಾಪದವನ ಹಾಗೆ ಮಿಣುಕುತ್ತಿದ್ದ.

ಮೊಣ್ಣಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಒದ್ದೆ ಬಟ್ಟೆಯಿಂದ ಒರೆಸಿ ಏನು ಪ್ರಯೋಜನ? ಆದರೂ ಒರೆಸುತ್ತಲೇ ಇದ್ದರು.

ಮೊಣ್ಣಪ್ಪನವರ ದೀಪವನ್ನು ವಾರಿಜಾ ಅದೇ ದಾರದಿಂದ ಅವರ ಸೊಂಟಕ್ಕೆ ಕಟ್ಟಿದಳು. ಅವರನ್ನು ಮುಂದೆ ಬಿಟ್ಟು, ತಾನು ಹಿಂದೆ ಇಳಿದಳು. ನನ್ನ ಹೆದರಿಕೆ ಹೋಗಿರಲಿಲ್ಲ. ಆದರೆ ಹಿಂದೆ ಬಂದ ಪ್ರತಿಯೊಂದು ವಾಹನವೂ ನನ್ನನ್ನು ಕಂಡು ತಗ್ಗಿತು. ಉಜಿರೆ ತಲುಪುವಾಗ ತಪಾಸಣೆ ಕೇಂದ್ರ ಮುಚ್ಚಿತ್ತು. ಕ್ಲಬ್ಬಿನ ಒಬ್ಬರು ಮಾತ್ರ ಅಲ್ಲೇ ಕಾದಿದ್ದರು, ತಟ್ಟೆ ಮುಚ್ಚಿಟ್ಟ ಬಿಸಿ ಇಡ್ಲಿಯೊಂದಿಗೆ. ಪದಕದ ಸುದ್ದಿ ಯಾರೂ ಎತ್ತಲಿಲ್ಲ. ವಾರಿಜಾ ನನ್ನನ್ನು ಹಿಂದಿರುಗಿಸಲು ಹೋದರೆ ಮೊಣ್ಣಪ್ಪನವರು ತೆಗೆದುಕೊಳ್ಳಲಿಲ್ಲ.

ಅದಾದ ಮೇಲೆ ಎಷ್ಟೋ ಮಳೆಗಾಲ ಕಂಡೆ. ಈಗ ನನ್ನ ಮುಚ್ಚಳ ಬಿರಿದಿದೆ. ಬಲ್ಬುಗಳಲ್ಲಿ ಒಂದು ಮಾತ್ರ, ಮನಸ್ಸು ಬಂದಾಗ ಉರಿಯುತ್ತದೆ. ವಾರಿಜಾ ನನ್ನನ್ನು ಎಸೆಯದೆ ತನ್ನ ಮನೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಾಳೆ. ಗೇಟು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಉರಿದರೆ ಸಾಲದು, ಹಿಂದೆ ಬರುವವರ ಕಣ್ಣಿಗೆ ಬೀಳಬೇಕು ಎಂಬುದಷ್ಟೇ ನಾನು ಕಲಿತದ್ದು. ಅದೊಂದು ನಮ್ಮ ಕೈಯಲ್ಲಿಲ್ಲವಲ್ಲ, ತನ್ನ ಬೆನ್ನು ಯಾರಿಗೂ ಕಾಣದು; ಇನ್ನೊಬ್ಬರು ನೋಡಿ ಹೇಳಬೇಕು.

ಮಳೆ ಬಂದ ದಿನ ಆ ಮನೆಯಿಂದ ಯಾರೇ ಹೊರಟರೂ, ಗಂಡನಾಗಲಿ, ಹಾಲಿನವನಾಗಲಿ, ಸ್ಕೂಟರಿನಲ್ಲಿ ಬಂದ ನೆಂಟರಾಗಲಿ, ವಾರಿಜಾ ಕೊಡೆ ಹಿಡಿದು ಗೇಟಿನವರೆಗೆ ಬರುತ್ತಾಳೆ. "ಕೋಟು ಹಾಕ್ಕೊಂಡು ಕೂತ್ಕೊಳ್ಳಿ. ಹಾಂ, ಒಂಚೂರು ತಿರುಗಿ," ಎನ್ನುತ್ತಾಳೆ. ಅವರು ನಗುತ್ತಾರೆ. ಅವಳು ನಗುವುದಿಲ್ಲ. ಹಿಂದಿನ ದೀಪ ಕೆಂಪಗೆ ಕಂಡ ಮೇಲೆಯೇ ಗೇಟು ತೆಗೆಯುತ್ತಾಳೆ.