ಸೂರು ಇಳಿಸಿದ ಸೋಮವಾರ

"ಎಲ್ಲಿದೆಯಮ್ಮಾ, ಗಾಳಿಗೆ ಹಾರಿಹೋಗಿರೋ ಸೂರು?"

ವಿಮೆ ಕಂಪನಿಯ ಸರ್ವೇಯರ್ ಶಂಕರ್ ಅಂಗಳದ ನಡುವೆ ನಿಂತು ಮೇಲೆ ನೋಡಿದ. ನೋಡುವಂಥದ್ದೇನೂ ಅಲ್ಲಿರಲಿಲ್ಲ. ಹನ್ನೆರಡು ಶೀಟುಗಳೂ ಬೋಲ್ಟು ಬಿಗಿಸಿಕೊಂಡು ತೆಪ್ಪಗೆ ಕೂತಿದ್ದವು. ಶಿವರತ್ನಮ್ಮ ಮಜ್ಜಿಗೆಯ ಲೋಟವನ್ನು ಅವನ ಕೈಗಿಟ್ಟು ಹೆಮ್ಮೆಯಿಂದಲೇ ಹೇಳಿದಳು. "ಎಲ್ಲಾ ಸರಿ ಮಾಡ್ಬುಟ್ವಿ ಸಾ. ನೀವು ಬರೋ ಹೊತ್ಗೆ ಮನೆ ಆಳುಬಿದ್ದಂಗೆ ಕಾಣ್ಬಾರ್ದು ಅಂತ."

ಶಂಕರ್ ಮಜ್ಜಿಗೆ ಕುಡಿಯುತ್ತಲೇ ಮೊಬೈಲ್ ಎತ್ತಿ ಸೂರಿನ ನಾಲ್ಕು ಫೋಟೋ ಹೊಡೆದುಕೊಂಡ. ಶಿವರತ್ನಮ್ಮ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ನಿಂತಳು.

ಹನ್ನೆರಡು ದಿನದ ಹಿಂದೆ ಮಧುವನಹಳ್ಳಿಗೆ ಬೀಸಿದ ಗಾಳಿ ಅಂಥಿಂಥದ್ದಲ್ಲ. ಶಿವರತ್ನಮ್ಮ, ಅವಳ ಗಂಡ ಸದಾಶಿವಪ್ಪನ ಮನೆಯ ಶೀಟುಗಳನ್ನು ಕಿತ್ತು ಪಕ್ಕದ ಪುಟ್ಟಬಸಪ್ಪನ ಹಿಪ್ಪುನೇರಳೆ ತೋಟದಲ್ಲಿ ಬಿಸಾಡಿತ್ತು. ಮನೆ ಸಾಲ ಕೊಡುವಾಗ ಬ್ಯಾಂಕಿನವರು ಕಟ್ಟಿಸಿಕೊಂಡಿದ್ದ ವಿಮೆ ಆಗ ನೆನಪಿಗೆ ಬಂತು. ಕಂಪನಿಗೆ ಫೋನು ಮಾಡಿದರು. ಬರುತ್ತೇವೆ ಅಂದವರು ಎಂಟು ದಿನವಾದರೂ ಬರಲಿಲ್ಲ. ಬಂದದ್ದು ಯಳಂದೂರಿನಿಂದ ಬೀಗಿತ್ತಿ ಸೋಮಮ್ಮನ ಮಾತು.

"ನಿಮ್ಮನೆ ಸೂರೇ ಆರೋಗದಂತಲ್ಲ. ಚೊಚ್ಚಲ ಬಾಣಂತನ ನಮ್ಮನೇಲೇ ಆಗ್ಲಿ ಬುಡಿ. ಇಲ್ಲಾ, ಸೂರು ಸರಿ ಮಾಡಿದ್ರೆ ಸೋಮವಾರ ಸಂಜೆ ಕರ್ಕಂಡ್ ಬತ್ತೀವಿ, ಕಣ್ಣಾರೆ ನೋಡೇ ಬುಟ್ಟು ಓಯ್ತೀವಿ."

ಚೊಚ್ಚಲ ಬಾಣಂತನ ತವರಲ್ಲಿ ಆಗದಿದ್ದರೆ ತಾಯಿ ಅನ್ನಿಸಿಕೊಂಡು ಏನು ಬಂತು? ಮದುವೆಯಾದ ಮೇಲೆ ಎರಡು ವರ್ಷದಲ್ಲಿ ಮಗಳು ದೀಪಶ್ರೀಯನ್ನು ಸೋಮಮ್ಮ ತವರಿಗೆ ಕಳಿಸಿದ್ದು ಮೂರೇ ಸಲ. ಈ ಸಲವೂ ತಪ್ಪಿದರೆ ಮಗಳು ಇನ್ನು ತನ್ನವಳಲ್ಲ ಎಂದು ಶಿವರತ್ನಮ್ಮನಿಗೆ ಗೊತ್ತಿತ್ತು. ಆ ರಾತ್ರಿ ಅವಳು ಉಣ್ಣಲಿಲ್ಲ. ಬೆಳಗಾಗುತ್ತಲೇ ಪುಟ್ಟಬಸಪ್ಪನ ಮನೆಗೆ ಹೋಗಿ ಸೆರಗೊಡ್ಡಿದಳು. ಅವನ ಹುಳು ಮನೆ ಖಾಲಿ ಬಿದ್ದಿತ್ತು. ಹಿಂದಿನ ಬೆಳೆಯ ರೇಷ್ಮೆ ಗೂಡು ಮಾರಾಟವಾಗಿತ್ತು, ಹೊಸ ಹುಳು ಬರಲು ಇನ್ನೂ ಹದಿನೈದು ದಿನ. "ವಿಮೆ ದುಡ್ಡು ಬಂದೇಟ್ಗೆ ಒಸ ಶೀಟು ತಂದು ನಿನ್ನವ ವಾಪಸ್ ಕೊಡ್ತೀವಿ ಕಣಪ್ಪ" ಎಂದಳು. ಅವನು ಹುಳು ಮನೆಯ ಶೀಟು ಬಿಚ್ಚಿ ಕೊಟ್ಟ.

ಬಸುರಿ ಕಾಲಿಡುವ ಅಂಗಳದಲ್ಲಿ ಮುರಿದದ್ದು ಬಿದ್ದಿರಬಾರದು. ಸೊಟ್ಟಗಾಗಿದ್ದ ಹಳೇ ಶೀಟುಗಳನ್ನು ಶಿವರತ್ನಮ್ಮ ಗುಜರಿಯವನಿಗೆ ಹಾಕಿ, ಕೂಸಿನ ನೀರಿಗೆಂದು ಒಂದು ಪ್ಲಾಸ್ಟಿಕ್ ಟಬ್ಬು ತೆಗೆದುಕೊಂಡಳು. ಗಾಳಿ ಬೀಸಿದ ಮರುದಿನ ಸದಾಶಿವಪ್ಪ ಫೋಟೋ ತೆಗೆಯಲು ಹೋದಾಗ ಅವನ ಕೈಯಿಂದ ಫೋನು ಕಿತ್ತುಕೊಂಡವಳೂ ಇವಳೇ. ಬಿದ್ದ ಮನೆಯ ಫೋಟೋ ತೆಗೆಯೋದೂ ಒಂದೇ, ಹೆಣದ ಫೋಟೋ ತೆಗೆಯೋದೂ ಒಂದೇ ಅಂತ ಅವಳ ವಾದ.

ಇದನ್ನೆಲ್ಲ ಕೇಳಿದ ಶಂಕರ್ ಸಿಟ್ಟಾಗಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿದ. "ನಾನು ಕಣ್ಣಲ್ಲಿ ಕಂಡಿದ್ದನ್ನ ಮಾತ್ರ ಬರೀಬಹುದಮ್ಮ. ಅಜ್ಜೀಪುರದಲ್ಲಿ ಇನ್ನೊಂದು ಮನೆ ನೋಡೋದಿದೆ. ನಾಲ್ಕು ಗಂಟೆಗೆ ಇದೇ ದಾರೀಲಿ ವಾಪಸ್ ಬರ್ತೀನಿ. ಗಾಳಿ ಬೀಸಿದಾಗ ಮನೆ ಹೇಗಿತ್ತು ಅಂತ ತೋರಿಸೋಕೆ ಏನಾದ್ರೂ ಇದ್ರೆ ಇಟ್ಟಿರಿ."

ಕಾರು ಹೋದ ಮೇಲೆ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಎಂಗಿತ್ತೋ ಅಂಗೆ ತೋರ್ಸಿ ಅಂದ್ರಲ್ವ?" ಎಂದಳು ಶಿವರತ್ನಮ್ಮ. "ಅವ್ರಿಗೆ ನಂಬ್ಕೆ ಐತೆ ಕಣ್ರಿ. ಕಾಗದಕ್ಕೆ ಒಂದು ಫೋಟೋ ಬೇಕು, ಅಷ್ಟೆಯ. ಇಳುಸ್ಬುಡಿ. ಫೋಟೋ ಆಗ್ತಲೇ ಮೇಲಕ್ಕಾಕನ."

"ಬೀಗ್ರು ಐದೂವರೆಗೆ ಬತ್ತಾರೆ ಕಣಮ್ಮಿ."

"ಒಂದೂವರೆ ಗಂಟೆ ಸಾಲ್ದಾ? ಏಣಿ ಅತ್ತಿ ಅಂದ್ರೆ!"

ಸದಾಶಿವಪ್ಪ ಅರವತ್ತರ ವಯಸ್ಸಿನಲ್ಲಿ ಏಣಿ ಹತ್ತಿದ. ಪುಟ್ಟಬಸಪ್ಪನೂ ಬೋಲ್ಟು ಬಿಚ್ಚುವ ಪಾನ ಹಿಡಿದು ಬಂದ. ವಿಮೆ ಬೇಗ ಬಂದಷ್ಟೂ ಅವನ ಶೀಟು ಬೇಗ ಬಿಡುಗಡೆ. ಶಿವರತ್ನಮ್ಮ ಕೆಳಗೆ ನಿಂತು ಏಣಿ ಹಿಡಿದಳು. ಯಾವ ಶೀಟು ಎಲ್ಲಿ ಬಿದ್ದಿತ್ತು ಎಂದು ನೆನಪು ಮಾಡಿಕೊಂಡು ತೋಟದವರೆಗೂ ಎಳೆಸಿ ಹಾಕಿಸಿದಳು. ಒಂದಿಷ್ಟೂ ಸುಳ್ಳು ಸೇರಬಾರದು ಎಂಬುದು ಅವಳ ಹಠ.

ನಾಲ್ಕಕ್ಕೆ ಸರಿಯಾಗಿ ಶಂಕರ್ ಬಂದ. ಬಿಳಿಗಿರಿರಂಗನ ಬೆಟ್ಟದ ಕಡೆ ಮೋಡ ಕಪ್ಪಾಗಿತ್ತು. ಅವನು ಬೋಲ್ಟುಗಳನ್ನು ಕೈಯಲ್ಲಿ ಹಿಡಿದು ನೋಡಿದ, ಎಲ್ಲ ಮೂಲೆಯಿಂದಲೂ ಫೋಟೋ ತೆಗೆದ.

"ಯಾರು ಇಳಿಸಿದ್ದು ಯಜಮಾನ್ರೇ?"

"ನಾವೇ ಸಾ. ಆವತ್ತು ಇಂಗೇ ಆಗಿತ್ತು. ನೋಡಿ, ಅದಾ ಆ ಶೀಟು, ಅಲ್ಲೇ ಬಿದ್ದಿತ್ತು."

ಶಂಕರ್ ಒಂದು ಹಾಳೆಯಲ್ಲಿ ಬರೆದು ಓದಿ ಹೇಳಿದ: ಮನೆಯ ಸೂರನ್ನು ಈ ದಿನ ಮನೆಯವರೇ ಬಿಚ್ಚಿ ಇಳಿಸಿರುತ್ತಾರೆ. "ಸರಿಯಾಗಿದೆಯಾ?" ಎಂದ. ಸರಿಯಾಗಿಯೇ ಇತ್ತು. ಸದಾಶಿವಪ್ಪ ಕೈ ಒರೆಸಿಕೊಂಡು ಸಹಿ ಹಾಕಿದ.

"ದುಡ್ಡು ಯಾವಾಗ ಬತ್ತದೆ ಸಾ?"

"ಬರಲ್ಲ. ಬೆಳಿಗ್ಗೆ ಫೋಟೋದಲ್ಲಿ ಸೂರಿದೆ, ಈಗಿನ ಫೋಟೋದಲ್ಲಿ ಇಲ್ಲ. ನಡುವೆ ಗಾಳಿ ಬೀಸಿಲ್ಲ. ಪೊಲೀಸ್ ಕೇಸಿಗೆ ಬರೆಯಲ್ಲ, ಅದೊಂದು ಉಪಕಾರ ಅಂದುಕೊಳ್ಳಿ." ಅವನ ದನಿ ಬೆಳಿಗ್ಗೆಯಷ್ಟೇ ಮೆತ್ತಗಿತ್ತು. ಶಿವರತ್ನಮ್ಮ ಕಾರಿನ ಬಾಗಿಲು ಹಿಡಿದು, ಮನೆದೇವರ ಮೇಲೆ ಆಣೆ ಇಟ್ಟು ಬೇಡಿದಳು. ಅವನು ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಬಾಗಿಲು ಹಾಕಿಕೊಂಡ.

"ಆದದ್ದಾಯ್ತು, ಬ್ಯಾಗ ಮೇಲಕ್ಕಾಕಿ" ಎಂದು ಅವಳು ಏಣಿಗೆ ಓಡಿದಳು. ಪುಟ್ಟಬಸಪ್ಪ ಜಗ್ಗಲಿಲ್ಲ.

"ಇಲ್ಲ ಕಣಕ್ಕ. ದುಡ್ಡು ಬರಲ್ಲ ಅಂದಮೇಲೆ ನನ್ನ ಶೀಟು ಮತ್ತೆ ಕೆಳಕ್ಕಿಳೀತದಾ? ಬಾಣಂತಿ ಮಲ್ಗಿರೋ ಮನೆ ಸೂರ ನಾನು ಬಂದು ಬಿಚ್ಚಕ್ಕಾದದಾ, ನೀವೇ ಯೋಳಿ. ನನ್ನ ಉಳ ಬೀದೀಲಿ ಮೇಯಿಸ್ಲಾ?"

"ಇವತ್ತೊಂದ್ ದಿನ ಕಣಪ್ಪ, ನಿನ್ನ ಕಾಲು ಇಡ್ಕತೀನಿ. ಬೀಗಿತ್ತಿ ನೋಡ್ಕಂಡು ಓಗೋ ಗಂಟ."

ಅವಳು ನಿಜಕ್ಕೂ ಕಾಲು ಹಿಡಿದಳು. ಅವನು ಕಾಲು ಬಿಡಿಸಿಕೊಂಡು ಹೋಗಿ ಶೀಟುಗಳನ್ನು ಒಂದೊಂದಾಗಿ ಗಾಡಿಗೆ ತುಂಬಿದ. ಸದಾಶಿವಪ್ಪ ಜಗುಲಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. ಅಂಥ ಗಂಡಸನ್ನು ಕಟ್ಟಿಕೊಂಡದ್ದಕ್ಕೆ ಅವಳಿಗೆ ಆವತ್ತು ಮೊದಲ ಸಲ ಹೇಸಿಗೆಯಾಯಿತು.

ಐದೂಕಾಲಿಗೇ ಬೀಗರ ಕಾರು ಬಂತು. ಸೋಮಮ್ಮ ಇಳಿದು ಬಾಗಿಲವರೆಗೆ ನಡೆದಳು. ಹೊಸ್ತಿಲು ದಾಟಲಿಲ್ಲ. ನಡುಮನೆಯಲ್ಲಿ ಹೊಸ ಹಾಸಿಗೆ ಹಾಸಿದ್ದ ಮಂಚ, ಅದರ ಮೇಲೆ ಬರಿಯ ಆಕಾಶ. ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕಳು.

"ಸೂರು ಸರಿ ಮಾಡಿದ್ದೀವಿ ಅಂತ ಫೋನಲ್ಲಿ ಯೋಳಿದ್ರಲ್ಲ ಬೀಗಿತ್ತಿ? ಮಗ್ಳ ಜೀವುಕ್ಕಿಂತ ನಿಮ್ಮ ಮಾತೇ ಎಚ್ಚಾಯ್ತಾ?"

"ಇತ್ತು ಕಣವ್ವ, ಬೆಳಿಗ್ಗೆ ಇತ್ತು..."

ಕೇಳಲು ಅವಳು ಅಲ್ಲಿರಲಿಲ್ಲ. ಕಾರು ಆಗಲೇ ತಿರುಗುತ್ತಿತ್ತು. ಶಿವರತ್ನಮ್ಮ ಓಡಿಹೋಗಿ ಹಿಂದಿನ ಕಿಟಕಿಯ ಮೇಲೆ ಕೈ ಇಟ್ಟಳು. ಒಳಗೆ ದೀಪಶ್ರೀ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು. ಅತ್ತೆಯ ಕಡೆ ಒಮ್ಮೆ ನೋಡಿ, ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿದಳು. ದಪ್ಪ ಹನಿಗಳು ಬೀಳತೊಡಗಿದ್ದವು.

"ನೆನೀಬ್ಯಾಡ ಕಣವ್ವ" ಎಂದಳು. "ಒಳಕ್ಕೋಗು."

ಕಾರು ಕೊಳ್ಳೇಗಾಲದ ಕಡೆ ಹೊರಟಿತು. ಅದು ತಿರುವು ದಾಟುವವರೆಗೆ ಶಿವರತ್ನಮ್ಮ ನಿಂತಿದ್ದಳು. ಆಮೇಲೆ ಮಗಳು ಹೇಳಿದ ಹಾಗೆಯೇ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಮಳೆಯಲ್ಲಿ ಮಂಚದ ಮೇಲೆ ಕೂತಳು.