ಸಾವೇ ಇಲ್ಲದ ಐಸಿಯು

ಆಂಬುಲೆನ್ಸ್ ಘಟಪ್ರಭಾ ದಾಟಿದ ಮೇಲೆ ಕೈ ಬದಲಿಸಲೆಂದು ನರ್ಸ್ ಕಸ್ತೂರಿ ಗಾಳಿ ಕೊಡುವ ರಬ್ಬರ್ ಚೀಲ ಹಿಸುಕುವುದನ್ನು ಕ್ಷಣಕಾಲ ನಿಲ್ಲಿಸಿದಳು. ಆ ಕ್ಷಣದಲ್ಲಿ ಸತ್ಯಪ್ಪನ ಎದೆ ತಾನಾಗಿಯೇ ಏರಿತು.

ಅವಳು ಇನ್ನೊಮ್ಮೆ ನಿಲ್ಲಿಸಿ ನೋಡಿದಳು. ಎದೆ ಮತ್ತೆ ಏರಿತು.

ಹುಕ್ಕೇರಿ ರಸ್ತೆಯ ಆ ಖಾಸಗಿ ಆಸ್ಪತ್ರೆಯ ಐಸಿಯುವಿನಲ್ಲಿ ಹದಿನಾಲ್ಕು ತಿಂಗಳಿಂದ ಒಂದೂ ಸಾವು ದಾಖಲಾಗಿರಲಿಲ್ಲ. ಡಾಕ್ಟರ್ ಭೀಮೇಶ ಅದನ್ನು ಫಲಕದಲ್ಲಿ ಬರೆಸಿ ಬಾಗಿಲ ಮೇಲೆ ತೂಗುಹಾಕಿದ್ದರು. ಸಾಯುವಂತಿದ್ದವರನ್ನು ಸಾಯುವ ಮೊದಲೇ ಮನೆಗೆ ಕಳಿಸುವುದು ಅದರ ಗುಟ್ಟು. ಪ್ರಾಣ ಮನೆಯೊಳಗೇ ಹೋಗಬೇಕು, ಬಾಯಿಗೆ ತಮ್ಮವರ ಕೈಯ ನೀರು ಬೀಳಬೇಕು ಎನ್ನುವ ಜನ ಫಾರ್ಮಿಗೆ ಸಹಿ ಹಾಕುತ್ತಿದ್ದರು. ನರ್ಸ್ ಒಬ್ಬಳು ದಾರಿಯುದ್ದಕ್ಕೂ ಚೀಲ ಹಿಸುಕಿ ಗಾಳಿ ಕೊಡುತ್ತ ಹೋಗಿ, ಪಡಸಾಲೆಯಲ್ಲಿ ನೀರು ಬಿಟ್ಟ ಮೇಲೆ ಗಂಟಲಿನ ನಳಿಗೆ ತೆಗೆದು ಬರುತ್ತಿದ್ದಳು. ಕಸ್ತೂರಿ ಹೀಗೆ ಒಂಬತ್ತು ಜನರನ್ನು ಮನೆ ಮುಟ್ಟಿಸಿದ್ದಳು. ಸತ್ಯಪ್ಪ ಹತ್ತನೆಯವನು.

ದಿನಕ್ಕೊಮ್ಮೆ ನಿದ್ದೆಯ ಔಷಧ ನಿಲ್ಲಿಸಿ, ರೋಗಿಯನ್ನು ಹೆಸರು ಹಿಡಿದು ಕರೆದು ನೋಡಬೇಕೆಂಬುದು ನಿಯಮ. ಎಂಟು ಮಂಚಗಳಿಗೆ ಒಬ್ಬಳೇ ಇದ್ದ ಎರಡು ಮುಂಜಾನೆ ಕಸ್ತೂರಿ ಸತ್ಯಪ್ಪನ ಔಷಧ ನಿಲ್ಲಿಸಿರಲಿಲ್ಲ. ‘ಪ್ರತಿಕ್ರಿಯೆ ಇಲ್ಲ’ ಎಂದು ಬರೆದಿದ್ದಳು. ಆ ಬರಹವನ್ನೇ ಹಿಡಿದು ಡಾಕ್ಟರು ಮನೆಯವರಿಗೆ ಆಸೆ ಬಿಡಿ ಎಂದಿದ್ದರು. ಔಷಧದ ಯಂತ್ರವನ್ನು ಕಳಚಿ ಈಗ ಎರಡು ಗಂಟೆಯಾಗಿತ್ತು.

“ಸತ್ಯಪ್ಪ ಕಾಕಾ, ಕಣ್ಣ ತಗೀರಿ.”

ಹುಬ್ಬು ಗಂಟಿಕ್ಕಿತು. ಎದುರಿಗೆ ಕೂತಿದ್ದ ಸತ್ಯಪ್ಪನ ತಮ್ಮ ಕೇದಾರಿ ಮುಖ ಸಿಂಡರಿಸಿದ. “ಹೆಣಾನ ಏನ ಮಾತಾಡಸ್ತಿ? ಸುಮ್ನ ಚೀಲ ಒತ್ತ.”

ಅವಳು ಒಂದು ಕೈಯಿಂದ ಡಾಕ್ಟರಿಗೆ ಫೋನ್ ಹಚ್ಚಿ ತಗ್ಗಿದ ದನಿಯಲ್ಲಿ ವಿಷಯ ಹೇಳಿದಳು. ಭೀಮೇಶರ ದನಿ ತಣ್ಣಗಿತ್ತು. “ಸಹಿ ಆಗೇತಿ. ನಳಿಗಿ ತಗದು ಬಾ. ಪ್ರತಿಕ್ರಿಯೆ ಇಲ್ಲ ಅಂತ ಬರದಾಕಿ ನೀನ. ಈಗ ಐತಿ ಅಂದ್ರ ಜೇಲಿಗೆ ಹೋಗಾಕಿನೂ ನೀನ.”

ಮಮದಾಪುರದ ಮನೆಯ ಮುಂದೆ ಜನ ನೆರೆದಿದ್ದರು. ಸ್ಟ್ರೆಚರನ್ನು ಪಡಸಾಲೆಯಲ್ಲಿ ಇಳಿಸಿದರು. ಹೆಂಡತಿ ಗೌರಕ್ಕ ತಾಮ್ರದ ತಂಬಿಗೆ ಹಿಡಿದು ಬಳಿಗೆ ಬಂದಳು.

ನಳಿಗೆಯನ್ನು ಒಮ್ಮೆ ಎಳೆದರೆ ಮುಗಿಯಿತು. ಸೋತ ಆ ಉಸಿರು ಗಳಿಗೆಯಲ್ಲಿ ನಿಂತುಹೋಗುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಕಸ್ತೂರಿಯ ಬೆರಳು ನಳಿಗೆಯ ಪಟ್ಟಿಯ ತನಕ ಹೋಗಿ ನಿಂತಿತು.

“ನೀರ ಬಿಡಬ್ಯಾಡ್ರಿ, ಗೌರಕ್ಕ. ಇವರು ತಾವ ಉಸಿರಾಡಾಕತ್ತಾರ.”

ಕೇದಾರಿ ಎದ್ದು ನಿಂತ. “ಮುಂಜಾನಿ ಆಸೆ ಬಿಡ್ರಿ ಅಂದ್ರಿ. ಈಗ ಊರ ಮುಂದ ನಾಟಕ ಹೂಡ್ತಿ? ವೈನಿ, ಇಕಿ ಮಾತ ಕೇಳಬ್ಯಾಡ್ರಿ.”

“ನಾನ ಸುಳ್ಳ ಬರದೇನಿ. ನಿದ್ದಿ ಔಷಧ ನಿಲ್ಲಿಸಿ ನೋಡಬೇಕಿತ್ತು, ನೋಡಲಿಲ್ಲ.”

ಗೌರಕ್ಕ ಅವಳನ್ನು ದಿಟ್ಟಿಸಿ ನೋಡಿದಳು. ನಂತರ ಗಂಡನ ಅಂಗೈಯೊಳಗೆ ತನ್ನ ತೋರುಬೆರಳನ್ನಿಟ್ಟಳು.

“ಏನ್ರಿ, ಕೇಳಸಾಕತ್ತೇತೇನು? ಕೇಳಿಸಿದ್ರ ಹಿಡೀರಿ.”

ಏನೂ ಆಗಲಿಲ್ಲ. ಹಿಂದೆ ಯಾರೋ ನಕ್ಕರು. ಕಸ್ತೂರಿ ಚೀಲ ಹಿಸುಕಿದಳು, ಬಿಟ್ಟಳು, ಮತ್ತೆ ಹಿಸುಕಿದಳು. ಆಗ ಆ ಒರಟು ಬೆರಳುಗಳು ಒಂದೊಂದಾಗಿ ಮಡಚಿ ಹೆಂಡತಿಯ ಬೆರಳನ್ನು ಹಿಡಿದವು.

ಗೌರಕ್ಕ ತಂಬಿಗೆಯನ್ನು ನೆಲಕ್ಕಿಟ್ಟು ಚೀಲಕ್ಕೆ ಕೈ ಹಾಕಿದಳು. “ಬಿಡ.”

“ಹಿಸುಕೂ ಗತ್ತು ತಪ್ಪಿದ್ರ ಅಪಾಯ ಐತ್ರಿ.”

“ಗತ್ತ ಬಾಯಿಲೆ ಹೇಳ. ನಿನ್ನ ಕೈ ಇವರಿಗಿ ಸಾಕ.”

ಆಂಬುಲೆನ್ಸ್ ಗೋಕಾಕದ ಸರಕಾರಿ ಆಸ್ಪತ್ರೆಯ ಕಡೆ ಓಡಿತು. ಹಿಸಕ್ರಿ, ಬಿಡ್ರಿ ಎಂದು ಕಸ್ತೂರಿ ದಾರಿಯುದ್ದಕ್ಕೂ ಎಣಿಸಿದಳು. ಗೌರಕ್ಕ ಅವಳ ಮುಖ ನೋಡದೆ ಹಿಸುಕಿದಳು.

“ಅಣ್ಣಗ ಏನರ ಆತಂದ್ರ ನಿನ್ನ ಬಿಡೂದಿಲ್ಲ” ಎಂದ ಕೇದಾರಿ.

“ಆಗದಿದ್ರೂ ಬಿಡೂದಿಲ್ಲ” ಎಂದಳು ಗೌರಕ್ಕ.

ಗೋಕಾಕದ ಡಾಕ್ಟರು ಸತ್ಯಪ್ಪನನ್ನು ಯಂತ್ರಕ್ಕೆ ಜೋಡಿಸಿ ಹೊರಗೆ ಬಂದರು. “ಉಳೀತಾರಂತ ಈಗ ಹೇಳಾಕ ಬರೂದಿಲ್ಲ. ಆದ್ರ ಎಚ್ಚರ ಐತಿ. ಇವರನ್ನ ಹೆಂಗ ಕಳಿಸಿದ್ರು?”

ಗೌರಕ್ಕ ಬೆರಳು ಮಾಡಿ ತೋರಿಸಿದಳು. “ಇಕಿನ್ನ ಕೇಳ್ರಿ.”

ಕಸ್ತೂರಿ ಕಾಗದ ಬೇಡಿ ಪಡೆದು, ನಡೆದುದನ್ನೆಲ್ಲ ಬರೆದು ಸಹಿ ಹಾಕಿದಳು. ಪೆನ್ನು ಮುಚ್ಚುವಾಗ ಗೌರಕ್ಕ ಹತ್ತಿರ ಬಂದಳು.

“ಹಿಂದ ಎಷ್ಟ ಮಂದಿನ ಹಿಂಗ ಮುಟ್ಟಿಸಿ ಬಂದಿ?”

“ಒಂಬತ್ತು.”

“ಅವರಿಗಿ ಯಾರರ ಕೇಳಿದ್ರೇನು, ಬೆರಳ ಹಿಡೀರಿ ಅಂತ?”

ಗೌರಕ್ಕ ಕಾಗದವನ್ನು ಮತ್ತೆ ಅವಳತ್ತ ಸರಿಸಿದಳು.

“ಅವರ ಹೆಸರನೂ ಬರಿ.”

ಅವಳು ಪೆನ್ನು ತೆರೆದಳು. ಮೊದಲನೆಯವಳು ಮೂಡಲಗಿಯ ಉದ್ದವ್ವ. ದಾರಿಯಲ್ಲಿ ಆ ಮುದುಕಿಯ ಎದೆ ತಾನಾಗಿ ಏರಿತ್ತೋ ಇಲ್ಲವೋ ಕಸ್ತೂರಿಗೆ ಗೊತ್ತಿರಲಿಲ್ಲ. ಆ ದಿನ ಕೈ ಬದಲಿಸಲೆಂದೂ ಅವಳು ಹಿಸುಕುವುದನ್ನು ನಿಲ್ಲಿಸಿರಲಿಲ್ಲ.