ಮಾಡಿನ ಮೇಲಿಂದ ಕಂಡ ಬಾಗಿಲು

ಗುಡ್ನಾಪುರದ ಕೆರೆಯಾಚೆಯ ಕೇರಿಗೆ ಸರಕಾರ ಎಂಟು ಮನೆ ಮಂಜೂರು ಮಾಡಿದ್ದು ೧೯೬೨ರಲ್ಲಿ. ಮೊದಲನೆಯದು ಮಾಸ್ತಿ, ಅವನ ಹೆಂಡತಿ ದುರ್ಗಿಯದ್ದು. ತಿಪ್ಪೆಯ ಕಡೆ ಬಾಗಿಲಿದ್ದ ಗುಡಿಸಿಲಲ್ಲೇ ಆಯುಷ್ಯ ಸವೆಸಿದ ದುರ್ಗಿಗೆ ಒಂದೇ ಆಸೆ: ಸ್ವಂತ ಬಾಗಿಲಲ್ಲಿ ಕೂತು ಹೋಗಿಬರುವವರನ್ನು ನೋಡಬೇಕು.

ಪಾಯ ಎದ್ದಿತ್ತು. ಗೋಡೆಗೆ ಸುಣ್ಣದ ಗೆರೆ ಹಾಕಿ, ಗೌಂಡಿ ಸಂಗಯ್ಯ ಅಳತೆ ನೋಡಲು ನಕ್ಷೆ ಹಾಸಿದ್ದ. ದುರ್ಗಿ ಬಗ್ಗಿದಳು.

“ಇದ್ರಾಗ ಮಾಡೆಲ್ಲೈತ್ರಿ? ಮಳಿ ಬಂದ್ರ ಕಾಗದ ಹೊತ್ಕೊಳ್ಳೂದಾ?”

“ಮಾಡು ತಗದು ಮ್ಯಾಲಿಂದ ನೋಡಿದಂಗ ಬರದಾರವ್ವಾ. ಹಕ್ಕಿಗಷ್ಟೇ ತಿಳೀತೈತಿ” ಎಂದು ಸಂಗಯ್ಯ ನಕ್ಕ.

ಮಾಸ್ತಿಗೆ ಹಕ್ಕಿಯಾಗಬೇಕಿರಲಿಲ್ಲ. ಇಪ್ಪತ್ತು ವರ್ಷದಿಂದ, ಮಳೆಗಾಲ ಹಿಡಿಯುವ ಮೊದಲು, ಊರಗೌಡ ವೀರಪ್ಪಗೌಡರ ಮನೆಯ ಮಾಡಿನ ಹಳೆ ಹುಲ್ಲು ಕಿತ್ತು ಹೊಸದು ಹೊದಿಸುವವನು ಅವನೇ. ಹೊಸ್ತಿಲಿಗಿದ್ದ ಮೈಲಿಗೆ ಮಾಡಿಗೆ ಇರಲಿಲ್ಲ! ನಿನ್ನೆಯೂ ಹುಲ್ಲು ಕಿತ್ತು ಮೇಲೆ ಕೂತಾಗ, ಎಂದೂ ಕಾಲಿಡದ ಆ ಮನೆ ಪೂರ್ತಿ ಕಂಡಿತ್ತು. ಅಲ್ಲಿ ದೇವರ ಕೋಣೆ, ಇಲ್ಲಿ ಒಲೆ, ಗೋಡೆ ತುಂಡಾದಲ್ಲಿ ಬಾಗಿಲು.

ಅವನು ಕಾಗದದ ಮೇಲೆ ಬೆರಳಿಟ್ಟ. “ದಪ್ಪ ಗೆರಿ ಗ್ವಾಡಿ. ತುಂಡಾದಲ್ಲಿ ಬಾಗ್ಲ. ಈ ಬಾಣ ಏನ್ರಿ?”

“ಉತ್ತರ. ಕೆರಿ ಕಡಿ.”

ಮಾಸ್ತಿ ಬಾಣವನ್ನು ಕೆರೆಯ ಕಡೆ ತಿರುಗಿಸಿದ. ಬೆರಳು ನಿಂತಿತು. ಕಾಗದದಲ್ಲಿ ಬಾಗಿಲು ಪೂರ್ವಕ್ಕೆ, ದಾರಿಗೆ. ಪಾಯದ ಮೇಲೆ ಪೂರ್ವದ ಸುಣ್ಣದ ಗೆರೆ ಎಲ್ಲೂ ತುಂಡಾಗಿರಲಿಲ್ಲ. ಬಾಗಿಲಿಗೆ ಜಾಗ ಬಿಟ್ಟದ್ದು ಪಶ್ಚಿಮಕ್ಕೆ, ಅದೇ ತಿಪ್ಪೆಗೆ.

“ಯಾರು ತಿರುವಿದ್ರು, ಸಂಗಯ್ಯನೋರ?”

ಸಂಗಯ್ಯ ತಲೆ ತಗ್ಗಿಸಿದ. “ಗೌಡ್ರು ಹೇಳಿ ಕಳಿಸಿದ್ರೋ. ಗುಡಿಗೆ ಹೋಗೂ ದಾರಿ, ಎದುರಿಗೆ ನಿಮ್ಮ ಬಾಗ್ಲ ಬ್ಯಾಡಂತ. ನಿನಗ ಇದು ತಿಳೀತೈತಿ ಅಂತ ನಾ ಅನ್ಕೊಂಡಿರಲಿಲ್ಲ.”

“ಅವರ ಮನಿ ನೋಡೇ ಕಲತೀನ್ರಿ. ಅವರ ಬಾಗ್ಲೂ ಪೂರ್ವಕ್ಕೇ ಐತಿ.”

ದುರ್ಗಿ ಪಾಯ ಹತ್ತಿ ಪೂರ್ವದ ಗೆರೆಯನ್ನು ಹಿಮ್ಮಡಿಯಿಂದ ಉಜ್ಜತೊಡಗಿದಳು.

“ಏ, ತಡಿಯವ್ವಾ! ಗೌಡ್ರಿಗೆ ನಾ ಏನ್ ಹೇಳ್ಲಿ?”

“ಅವರ ಮಾಡಿನ ಹಳಿ ಹುಲ್ಲು ಕಿತ್ತೀನಿ, ಹೊಸಾದು ಹೊದಿಸೂದೈತಿ” ಎಂದ ಮಾಸ್ತಿ. “ನಮ್ಮ ಬಾಗಿಲ ಚೌಕಟ್ಟು ನಿಂತ ದಿನ ಕೇರಿಯವರೆಲ್ಲಾ ಬರ್ತೀವಿ, ಅಲ್ಲೀತನಕ ಒಬ್ಬರೂ ಮಾಡು ಹತ್ತೂದಿಲ್ಲ ಅನ್ರಿ.”

ಸಂಗಯ್ಯ ಕೆರೆಯ ಮೇಲೆ ಕಪ್ಪಾಗುತ್ತಿದ್ದ ಮೋಡವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಸುಣ್ಣದ ಡಬ್ಬಿ ಎತ್ತಿಕೊಂಡ.

“ಎಷ್ಟು ಅಗಲ ಬಿಡ್ಲಿ?”

“ಕಾಗದದಾಗ ಇದ್ದಷ್ಟು” ಎಂದಳು ದುರ್ಗಿ.